27 ನಾಮಿನೇಷನ್ ಇದ್ದರೂ ‘ಸೆವರೆನ್ಸ್’ ಯಾಕೆ ಸೋತಿತು? ಎಮ್ಮಿ ಊಹೆ ಮಾಡುವವರೆಲ್ಲ ಬನ್ನಿ

ಲೆಕ್ಕದಪುಸ್ತಕ:

2025ರ ಸೆಪ್ಟೆಂಬರ್ 15, ಸೋಮವಾರ. ಬೆಳಗಿನ ಜಾವ ಐದೂವರೆಗೆ ಎದ್ದು ಫೋನ್ ಹಿಡಿದು ಕೂತಿದ್ದೆ. ಲಾಸ್ ಏಂಜಲೀಸ್‌ನಲ್ಲಿ ಆಗಿನ್ನೂ ಭಾನುವಾರ ಸಂಜೆ. ಅಮೆರಿಕದ ಟಿವಿ ಬಹುಮಾನಗಳ ಸಮಾರಂಭ, 77ನೇ ಎಮ್ಮಿ ಶುರುವಾಗುತ್ತಿತ್ತು. ಪಕ್ಕದಲ್ಲಿ ನೋಟ್‌ಬುಕ್, ಅದರಲ್ಲಿ ಯಾರು ಗೆಲ್ಲುತ್ತಾರೆ ಅನ್ನುವ ನನ್ನ ಊಹೆಯ ಪಟ್ಟಿ. ಡ್ರಾಮಾ ಸರಣಿಯ ಎದುರಿಗೆ ‘ಸೆವರೆನ್ಸ್’ ಅಂತ ಪೆನ್ನಿನಲ್ಲೇ ಬರೆದಿದ್ದೆ. ಅಷ್ಟು ಖಾತ್ರಿ ಇತ್ತು.

ಗೆದ್ದದ್ದು ‘ದ ಪಿಟ್’.

ಈಗ ಎರಡು ತಿಂಗಳ ಮೇಲಾಯಿತು. ಆದರೂ ಇದು ನನ್ನ ತಲೆಯಿಂದ ಹೋಗಿಲ್ಲ. ‘ಸೆವರೆನ್ಸ್’ಗೆ 27 ನಾಮಿನೇಷನ್, ಆ ವರ್ಷ ಎಲ್ಲರಿಗಿಂತ ಜಾಸ್ತಿ. ‘ಪಿಟ್’ಗೆ 13, ಅಂದರೆ ಅರ್ಧಕ್ಕಿಂತ ಕಮ್ಮಿ. ಒಂದೇ ಸೀಸನ್‌ಗೆ ಕಥೆ ಮುಗಿಯುವ ಲಿಮಿಟೆಡ್ ಸರಣಿಯಲ್ಲೂ ಹೀಗೇ ಆಯಿತು. ‘ದ ಪೆಂಗ್ವಿನ್’ಗೆ 24 ಇತ್ತು, 13 ಇದ್ದ ‘ಅಡೊಲೆಸೆನ್ಸ್’ ಗೆದ್ದಿತು. ಕಾಮಿಡಿಯಲ್ಲಿ ಮಾತ್ರ 23 ನಾಮಿನೇಷನ್‌ನ ‘ದ ಸ್ಟುಡಿಯೋ’ ನನ್ನ ಲೆಕ್ಕದ ಪ್ರಕಾರವೇ ಗೆದ್ದಿತು. 13 ಎಮ್ಮಿ ಬಾಚಿಕೊಂಡು ಕಾಮಿಡಿಗಳ ದಾಖಲೆಯನ್ನೂ ಮಾಡಿತು.

ನಾನು ಎಷ್ಟೋ ವರ್ಷದಿಂದ ಒಂದೇ ಲೆಕ್ಕ ಹಿಡಿದುಕೊಂಡಿದ್ದೇನೆ. ಯಾರಿಗೆ ನಾಮಿನೇಷನ್ ಜಾಸ್ತಿಯೋ ಅವರ ಕಡೆ ಗಾಳಿ ಇದೆ ಅಂತ. 2024ರಲ್ಲಿ ‘ಶೋಗನ್’ಗೆ 25 ನಾಮಿನೇಷನ್ ಬಂದಾಗಲೇ ಬರೆದಿಟ್ಟಿದ್ದೆ, ಅದು ಗೆದ್ದಿತು. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ಗೆ 32. ಅದೂ ಗೆದ್ದಿತು. ಹಾಗಾದರೆ ಈ ಸಲ ನನ್ನ ಲೆಕ್ಕ ತಪ್ಪಿದ್ದು ಎಲ್ಲಿ? ಬೇಜಾರು ಮಾಡಿಕೊಳ್ಳುವುದಿಲ್ಲ, ನೇರವಾಗಿ ಹೇಳಿ.

ಸಂಜೆಮಳೆ:

ಅಕ್ಕ, ನೀವು ಎಣಿಸಿದ್ದು ಸರಿ ಇದೆ. ಆದರೆ ಎಣಿಸಿದ ವಸ್ತು ಬೇರೆ.

ನಾಮಿನೇಷನ್ ಹೇಗೆ ಬರುತ್ತದೆ ನೋಡಿ. ನಟರ ವಿಭಾಗಕ್ಕೆ ನಟರು ವೋಟು ಹಾಕುತ್ತಾರೆ. ಎಡಿಟಿಂಗ್‌ಗೆ ಎಡಿಟರ್‌ಗಳು, ಮೇಕಪ್‌ಗೆ ಮೇಕಪ್‌ನವರು. ಸರಣಿಯ ಬಹುಮಾನಕ್ಕೆ ಮಾತ್ರ ಎಮ್ಮಿ ಕೊಡುವ ಟೆಲಿವಿಷನ್ ಅಕಾಡೆಮಿಯ ಸದಸ್ಯರೆಲ್ಲರೂ ವೋಟು ಹಾಕಬಹುದು, 20 ಸಾವಿರಕ್ಕೂ ಜಾಸ್ತಿ ಜನ. ಹೀಗಾಗಿ ಯಾವ ಸರಣಿಯಲ್ಲಿ ಹೆಚ್ಚು ಬಗೆಯ ಕೆಲಸ ಇದೆಯೋ ಅದಕ್ಕೆ ನಾಮಿನೇಷನ್ ಗುಡ್ಡೆ ಬೀಳುತ್ತದೆ. ‘ಪೆಂಗ್ವಿನ್’ನಲ್ಲಿ ನಾಯಕ ನಟ ಕಾಲಿನ್ ಫ್ಯಾರೆಲ್ ಗುರುತೇ ಸಿಗುವುದಿಲ್ಲ, ಆ ಮುಖ ಮಾಡಿದ್ದೇ ಕೃತಕ ಚರ್ಮ ಅಂಟಿಸುವ ಪ್ರಾಸ್ಥೆಟಿಕ್ ಮೇಕಪ್. ‘ಸೆವರೆನ್ಸ್’ನ ಆ ಬಿಳೀ ಕಾರಿಡಾರ್‌ಗಳು, ಕ್ಯಾಮೆರಾ, ಸಂಗೀತ, ಟೈಟಲ್ ಎಲ್ಲವೂ ಒಂದೊಂದು ವಿಭಾಗ. ‘ಪಿಟ್’ ನಡೆಯುವುದು ಒಂದೇ ಎಮರ್ಜೆನ್ಸಿ ವಾರ್ಡಿನಲ್ಲಿ, ಒಂದೇ ಪಾಳಿಯಲ್ಲಿ. 15 ಕಂತು, ಒಂದೊಂದು ಕಂತೂ ಆ ಪಾಳಿಯ ಒಂದು ಗಂಟೆ. ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಮ್ಮಿ. ಅದಕ್ಕೆ ಅಷ್ಟೊಂದು ವಿಭಾಗಗಳಲ್ಲಿ ಜಾಗವೇ ಇಲ್ಲ.

ಅಂದರೆ ನಿಮ್ಮ 27 ಹೇಳುವುದು ಆ ಸರಣಿ ಎಷ್ಟು ಕೈಗಳ ಕೆಲಸ ಅನ್ನುವುದನ್ನು. ಎಷ್ಟು ಜನಕ್ಕೆ ಅದು ಇಷ್ಟ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ಹಳೇಟಿವಿ:

ಇದಕ್ಕೆ ಹಳೆಯ ಉದಾಹರಣೆಗಳು ಬೇಕಾದಷ್ಟಿವೆ. 2012ರಲ್ಲಿ ‘ಮ್ಯಾಡ್ ಮೆನ್’ಗೆ 17 ನಾಮಿನೇಷನ್ ಇತ್ತು, ಒಂದೂ ಗೆಲ್ಲಲಿಲ್ಲ. ಅದಕ್ಕೂ ಮೊದಲು ಸತತ ನಾಲ್ಕು ವರ್ಷ ಡ್ರಾಮಾ ಬಹುಮಾನ ತಗೊಂಡಿದ್ದ ಸರಣಿ ಅದು. 2021ರಲ್ಲಿ ‘ದ ಹ್ಯಾಂಡ್‌ಮೇಡ್ಸ್ ಟೇಲ್’ಗೆ 21 ನಾಮಿನೇಷನ್, ಅಲ್ಲೂ ಸೊನ್ನೆ. 2017ರಲ್ಲಿ ‘ವೆಸ್ಟ್‌ವರ್ಲ್ಡ್’ 22 ನಾಮಿನೇಷನ್ ಹಿಡಿದು ಬಂದಿತ್ತು, ಡ್ರಾಮಾ ಸರಣಿ ಅದರ ಕೈಗೆ ಸಿಗಲಿಲ್ಲ.

‘ಬೆಟರ್ ಕಾಲ್ ಸಾಲ್’ ನೆನೆದರೆ ಮಾತ್ರ ನನಗೆ ನಿಜವಾಗಿ ಸಂಕಟವಾಗುತ್ತದೆ. ಆರು ಸೀಸನ್, 53 ನಾಮಿನೇಷನ್, ಒಂದೂ ಎಮ್ಮಿ ಇಲ್ಲ. ಬಾಬ್ ಓಡೆನ್‌ಕರ್ಕ್ ಮುಖ್ಯ ನಟನಾಗಿ ಆರು ಸಲ ನಾಮಿನೇಟ್ ಆದರು. ಆರು ಸಲವೂ ಬೇರೆಯವರ ಹೆಸರಿಗೆ ಚಪ್ಪಾಳೆ ತಟ್ಟಿ ಬಂದರು.

ಲೆಕ್ಕದಪುಸ್ತಕ:

ಹಳೇಟಿವಿ ಸರ್, ಆ 53 ನನಗೂ ನೋವಿನ ಸಂಖ್ಯೆ. ಪ್ರತಿ ವರ್ಷ ನನ್ನ ಪಟ್ಟಿಯಲ್ಲಿ ಓಡೆನ್‌ಕರ್ಕ್ ಹೆಸರು ಬರೆಯುತ್ತಿದ್ದೆ.

ಸಂಜೆಮಳೆ ಅವರೇ, ಒಂದು ಅನುಮಾನ. ‘ಸೆವರೆನ್ಸ್’ಗೆ ತಾಂತ್ರಿಕ ವಿಭಾಗಗಳಲ್ಲಷ್ಟೇ ಬಲ ಇತ್ತು ಅನ್ನುವುದನ್ನು ಒಪ್ಪುವುದು ಕಷ್ಟ. ಬ್ರಿಟ್ ಲೋವರ್ ಮುಖ್ಯ ನಟಿ ಬಹುಮಾನ ಗೆದ್ದರು. ಟ್ರಾಮೆಲ್ ಟಿಲ್ಮನ್ ಪೋಷಕ ನಟ ಬಹುಮಾನ ಗೆದ್ದರು, ಡ್ರಾಮಾದ ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ನಟ ಅವರು. ಹಾಗಾದರೆ ನಟರ ಗುಂಪಿಗೂ ಅದು ಇಷ್ಟವಾಗಿತ್ತು ಅಂತ ಆಯಿತಲ್ವಾ? ಇಷ್ಟೆಲ್ಲ ಕೊಟ್ಟವರು ಕೊನೆಗೆ ಸರಣಿಯ ಬಹುಮಾನವನ್ನು ಬೇರೆ ಕಡೆಗೆ ಯಾಕೆ ಕೊಟ್ಟರು?

ರಾತ್ರಿಪಾಳಿ:

ಲೆಕ್ಕ ನನಗೆ ಬರುವುದಿಲ್ಲ. ಆದರೆ ‘ಪಿಟ್’ ಯಾಕೆ ಗೆದ್ದಿತು ಅಂತ ನಾನು ಹೇಳಬಲ್ಲೆ.

ನಾನು ಸ್ಟಾಫ್ ನರ್ಸ್. 14 ವರ್ಷದ ಸರ್ವೀಸು, ಅದರಲ್ಲಿ ಆರು ವರ್ಷ ಕ್ಯಾಶುವಾಲ್ಟಿಯಲ್ಲೇ ಕಳೆದೆ. ಆಸ್ಪತ್ರೆ ತೋರಿಸುವ ಧಾರಾವಾಹಿಗಳಲ್ಲಿ ನಮ್ಮನ್ನು ಟ್ರೇ ಹಿಡಿದು ನಿಲ್ಲಿಸುತ್ತಾರೆ. ಡಾಕ್ಟರ್ ಮಾತಾಡುತ್ತಾರೆ, ನಾವು ತಲೆ ಆಡಿಸುತ್ತೇವೆ. ‘ಪಿಟ್’ನಲ್ಲಿ ಡೇನಾ ಅನ್ನುವ ಚಾರ್ಜ್ ನರ್ಸ್ ಇದ್ದಾಳೆ. ಇಡೀ ವಾರ್ಡು ಅವಳ ಕಣ್ಣಳತೆಯಲ್ಲಿ ನಡೆಯುತ್ತದೆ. ಯಾವ ಬೆಡ್ ಖಾಲಿ, ಯಾವ ಡಾಕ್ಟರಿಗೆ ಊಟ ಆಗಿಲ್ಲ, ಯಾರ ಮನೆಯವರು ಹೊರಗೆ ಕೂತು ಅಳುತ್ತಿದ್ದಾರೆ, ಎಲ್ಲ ಅವಳಿಗೆ ಗೊತ್ತು. ಒಂದು ಕಂತಿನಲ್ಲಿ ಒಬ್ಬ ರೋಗಿ ಅವಳ ಮುಖಕ್ಕೆ ಗುದ್ದುತ್ತಾನೆ. ಅವಳು ಮುಖ ಒರೆಸಿಕೊಂಡು ಮತ್ತೆ ಕೆಲಸಕ್ಕೆ ಬರುತ್ತಾಳೆ. ಅಲ್ಲಿಗೆ ನಾನು ನಿಲ್ಲಿಸಿಬಿಟ್ಟೆ. ನಮ್ಮ ಜೊತೆ ಕೆಲಸ ಮಾಡುವ ಒಬ್ಬಳಿಗೆ ಇದೇ ಆಗಿತ್ತು. ಅವಳೂ ಆ ಪಾಳಿ ಮುಗಿಸಿಯೇ ಮನೆಗೆ ಹೋದಳು. ಉಳಿದದ್ದನ್ನು ನೋಡಲು ನನಗೆ ಎರಡು ದಿನ ಬೇಕಾಯಿತು.

ಡೇನಾ ಪಾತ್ರ ಮಾಡಿದ ಕ್ಯಾಥರೀನ್ ಲನಾಸಾ ಅವರಿಗೆ ಪೋಷಕ ನಟಿ ಬಹುಮಾನ ಬಂತು. ಅವರ ಹೆಸರು ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ‘ಸೆವರೆನ್ಸ್’ ನಾನೂ ನೋಡಿದ್ದೇನೆ. ಮೆಚ್ಚಿಕೊಂಡೆ. ಆದರೆ ಅದನ್ನು ನೋಡಿದ ಮೇಲೆ ಯಾರಿಗೂ ಫೋನ್ ಮಾಡಲಿಲ್ಲ. ‘ಪಿಟ್’ ನೋಡಿ ನನ್ನ ಹಳೇ ಬ್ಯಾಚಿನ ನಾಲ್ಕು ಜನಕ್ಕೆ ಫೋನ್ ಮಾಡಿದೆ. ವೋಟು ಹಾಕುವವರೂ ಮನುಷ್ಯರೇ ಅಲ್ವಾ?

ಬೆಣ್ಣೆದೋಸೆ:

ರಾತ್ರಿಪಾಳಿ ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

‘ಪಿಟ್’ನ ನಾಯಕ ನಟನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನೋವಾ ವೈಲಿ 1990ರ ದಶಕದಲ್ಲಿ ‘ಇಆರ್’ ಅನ್ನುವ ಆಸ್ಪತ್ರೆ ಧಾರಾವಾಹಿಯಲ್ಲಿ ಎಳೆಯ ಡಾಕ್ಟರಾಗಿದ್ದರು. ಅದಕ್ಕೆ ಐದು ಸಲ ನಾಮಿನೇಟ್ ಆಗಿ ಐದು ಸಲವೂ ಸೋತರು. ಈಗ ಅದೇ ಮನುಷ್ಯ ನರೆತ ಗಡ್ಡದ ಹಿರಿಯ ಡಾಕ್ಟರಾಗಿ ಬಂದು ಮೊದಲ ಎಮ್ಮಿ ಗೆದ್ದರು. ಅಕಾಡೆಮಿಯವರಿಗೆ ಇಂಥ ಕಥೆ ತುಂಬಾ ಇಷ್ಟ. ಕಲೆಗೆ ಕೊಡಬೇಕಾದ ಬಹುಮಾನದಲ್ಲಿ ಇದೂ ಸೇರಿಕೊಳ್ಳಬೇಕಾ ಅಂತ ನನಗೆ ಪ್ರಶ್ನೆ ಇದೆ. ಆದರೆ ಊಹೆ ಮಾಡುವಾಗ ಇದನ್ನು ಬಿಟ್ಟರೆ ಸೋಲುತ್ತೀರಿ.

ಸಂಜೆಮಳೆ:

ಲೆಕ್ಕದಪುಸ್ತಕ ಅಕ್ಕ, ನಿಮ್ಮ ಅನುಮಾನಕ್ಕೆ ಬರುತ್ತೇನೆ.

2016ರಿಂದ ಕೊನೆಯ ಸುತ್ತಿನಲ್ಲಿ ಒಬ್ಬರು ಒಂದು ವಿಭಾಗದಲ್ಲಿ ಒಂದೇ ಹೆಸರಿಗೆ ಗುರುತು ಹಾಕುತ್ತಾರೆ. ಯಾರಿಗೆ ಜಾಸ್ತಿಯೋ ಅವರು ಗೆದ್ದರು. ಅರ್ಧಕ್ಕಿಂತ ಜಾಸ್ತಿ ಬೇಕು ಅಂತೇನೂ ಇಲ್ಲ. ನಮ್ಮ ಚುನಾವಣೆ ಇದ್ದಂತೆ. ಅದಕ್ಕೇ ವೋಟು ಒಡೆಯುವುದು ಇಲ್ಲಿ ದೊಡ್ಡ ವಿಷಯ. ಡ್ರಾಮಾ ಪೋಷಕ ನಟಿ ವಿಭಾಗ ನೋಡಿ. ಏಳು ಜನರಲ್ಲಿ ನಾಲ್ವರು ‘ದ ವೈಟ್ ಲೋಟಸ್’ನವರು. ಅವರ ವೋಟು ನಾಲ್ಕು ಪಾಲಾಗಿರುತ್ತದೆ. ‘ಪಿಟ್’ನಿಂದ ಲನಾಸಾ ಒಬ್ಬರೇ. ಗೆದ್ದರು.

ಹಳೇಟಿವಿ:

ಹಾಗೆ ಹೇಳುವುದಾದರೆ ಟಿಲ್ಮನ್ ಗೆಲ್ಲಬಾರದಿತ್ತಲ್ಲ? ಅವರ ವಿಭಾಗದಲ್ಲಿ ‘ಸೆವರೆನ್ಸ್’ನವರೇ ಮೂವರಿದ್ದರು. ಅವರು, ಜಾನ್ ಟರ್ಟೂರೋ, ಝಾಕ್ ಚೆರಿ. ‘ವೈಟ್ ಲೋಟಸ್’ನವರೂ ಮೂವರು. ವೋಟು ಒಡೆಯುತ್ತದೆ ಅನ್ನುವುದು ಹೇಳಲು ಸುಲಭ. ಆದರೆ ಒಬ್ಬರು ಉಳಿದವರಿಗಿಂತ ಎದ್ದು ಕಂಡರೆ ಒಡೆಯುವುದಿಲ್ಲ. ಟಿಲ್ಮನ್ ಮಾಡಿದ ಮಿಲ್ಚಿಕ್ ಪಾತ್ರವನ್ನು ನೋಡಿದವರು ಮರೆಯಲು ಸಾಧ್ಯವಾ?

ಸಂಜೆಮಳೆ:

ಒಪ್ಪಿದೆ ಸರ್. ಅದು ಒಂದು ಕಾರಣ ಅಷ್ಟೇ.

ಬೆಣ್ಣೆದೋಸೆ:

ಬ್ರಿಟ್ ಲೋವರ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಆ ವಿಭಾಗದಲ್ಲಿ ಎಲ್ಲರೂ ಕ್ಯಾಥಿ ಬೇಟ್ಸ್ ಅಂತಲೇ ಬರೆದಿದ್ದರು, ನಾನೂ ಅಷ್ಟೇ. 77ರ ವಯಸ್ಸು, ದೊಡ್ಡ ಹೆಸರು, ‘ಮ್ಯಾಟ್‌ಲಾಕ್’ನಲ್ಲಿ ಒಳ್ಳೆ ಪಾತ್ರ. ಆದರೆ ‘ಮ್ಯಾಟ್‌ಲಾಕ್’ ಡ್ರಾಮಾ ಸರಣಿಯ ಎಂಟರ ಪಟ್ಟಿಯಲ್ಲೇ ಇರಲಿಲ್ಲ. ಅದರಿಂದ ನಾನು ಕಲಿತದ್ದು ಇಷ್ಟು. ವೋಟುದಾರರಲ್ಲಿ ಹೆಚ್ಚು ಜನ ಸರಣಿಯನ್ನೇ ಮೆಚ್ಚದಿದ್ದರೆ ನಟಿ ಎಷ್ಟು ದೊಡ್ಡವರಾದರೂ ಕಷ್ಟ.

ಕರಾವಳಿ:

ಬೆಣ್ಣೆದೋಸೆಯವರೇ, ಆ ನಿಯಮ ಅದೇ ರಾತ್ರಿ ಮುರಿದು ಬಿತ್ತು. ಕಾಮಿಡಿ ಪೋಷಕ ನಟ ವಿಭಾಗ. ಜೆಫ್ ಹಿಲ್ಲರ್, ‘ಸಮ್‌ಬಡಿ ಸಮ್‌ವೇರ್’. ಆ ಸರಣಿಯೂ ಕಾಮಿಡಿ ಪಟ್ಟಿಯಲ್ಲಿ ಇರಲಿಲ್ಲ. ಕ್ಯಾನ್ಸಸ್‌ನ ಒಂದು ಸಣ್ಣ ಊರಿನ ಕಥೆ, ಸದ್ದಿಲ್ಲದೆ ಮೂರು ಸೀಸನ್ ನಡೆದು ಮುಗಿದದ್ದು. ಎದುರಿಗೆ ಇದ್ದವರು ಯಾರು? 83ರ ವಯಸ್ಸಿನಲ್ಲಿ ಮೊದಲ ಸಲ ಎಮ್ಮಿಗೆ ನಾಮಿನೇಟ್ ಆದ ಹ್ಯಾರಿಸನ್ ಫೋರ್ಡ್. ನನ್ನ ಪಟ್ಟಿಯಲ್ಲೂ ಫೋರ್ಡ್ ಹೆಸರೇ ಇತ್ತು. ಹಿಲ್ಲರ್ ಹೆಸರು ಕೂಗಿದಾಗ ನಾನು ಸೋತರೂ ಖುಷಿಯಿಂದ ಕುಣಿದೆ. ಇಂಥದ್ದು ವರ್ಷಕ್ಕೆ ಒಂದಾದರೂ ನಡೆಯಬೇಕು. ಇಲ್ಲದಿದ್ದರೆ ಇಷ್ಟು ಬೆಳಗ್ಗೆ ನಾವು ಏಳುವುದು ಯಾಕೆ?

ಹಳೇಟಿವಿ:

ಕರಾವಳಿಯವರ ಖುಷಿ ನನ್ನದೂ ಹೌದು. ಆದರೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ವೋಟು ಹಾಕುವವರು ಎಲ್ಲವನ್ನೂ ನೋಡಿ ಹಾಕುತ್ತಾರೆ ಅಂತ ನಂಬಬೇಡಿ.

2006ರಲ್ಲಿ ಎಲೆನ್ ಬರ್ಸ್ಟಿನ್ ಅವರಿಗೆ ಒಂದು ಟಿವಿ ಚಿತ್ರಕ್ಕೆ ಪೋಷಕ ನಟಿ ನಾಮಿನೇಷನ್ ಬಂತು. ಅವರು ತೆರೆಯ ಮೇಲೆ ಇದ್ದದ್ದು 14 ಸೆಕೆಂಡು! ಹೆಸರು ನೋಡಿ ಗುರುತು ಹಾಕಿದ್ದಾರೆ, ಬೇರೆ ವಿವರಣೆಯೇ ಇಲ್ಲ. ಆಮೇಲೆ ಅಕಾಡೆಮಿ ನಾಚಿಕೆಪಟ್ಟು, ಕನಿಷ್ಠ 5 ಶೇಕಡಾ ಹೊತ್ತಾದರೂ ತೆರೆಯ ಮೇಲಿರಬೇಕು ಅಂತ ನಿಯಮ ತಂದಿತು. ಇನ್ನೊಂದು ಕಡೆ ‘ದ ವೈರ್’. ಐದು ಸೀಸನ್‌ಗೆ ಬಂದದ್ದು ಎರಡೇ ನಾಮಿನೇಷನ್, ಎರಡೂ ಬರವಣಿಗೆಗೆ. ನಟರಲ್ಲಿ ಒಬ್ಬರಿಗೂ ಇಲ್ಲ. ಬಾಲ್ಟಿಮೋರ್‌ನಲ್ಲಿ ತೆಗೆದದ್ದು, ಹಾಲಿವುಡ್‌ನವರ ಕಣ್ಣಿಗೇ ಬೀಳಲಿಲ್ಲ.

2014ರವರೆಗೆ ಕೊನೆಯ ಸುತ್ತಿಗೆ ಸಣ್ಣ ಸಣ್ಣ ಸಮಿತಿಗಳಿದ್ದವು. ಕಳಿಸಿದ ಕಂತುಗಳನ್ನು ಕೂತು ನೋಡಿಯೇ ವೋಟು ಹಾಕಬೇಕಿತ್ತು. ಆಗ ಒಬ್ಬ ನಟ ಯಾವ ಕಂತು ಕಳಿಸಿದ ಅನ್ನುವುದರ ಮೇಲೆ ನಾವು ಗಂಟೆಗಟ್ಟಲೆ ವಾದ ಮಾಡುತ್ತಿದ್ದೆವು. 2015ರಿಂದ ಎಲ್ಲ ಸದಸ್ಯರಿಗೂ ಬಾಗಿಲು ತೆರೆದರು. ಜನ ಜಾಸ್ತಿಯಾದರು, ನೋಡುವುದು ಕಮ್ಮಿಯಾಯಿತು ಅನ್ನುವುದು ನನ್ನ ಅಭಿಪ್ರಾಯ.

ಲೆಕ್ಕದಪುಸ್ತಕ:

ಸರ್, ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಸಮಿತಿ ಇದ್ದ ಕಾಲದಲ್ಲೇ ‘ವೈರ್’ ಸೋತದ್ದು. ಸಮಿತಿ ಇದ್ದ ಕಾಲದಲ್ಲೇ ‘ಮ್ಯಾಡ್ ಮೆನ್’ನ ಜಾನ್ ಹ್ಯಾಮ್ ವರ್ಷವರ್ಷವೂ ಬರಿಗೈಯಲ್ಲಿ ಹೋದದ್ದು. ಅವರಿಗೆ ಬಹುಮಾನ ಬಂದದ್ದು 2015ರಲ್ಲಿ, ಬಾಗಿಲು ತೆರೆದ ಮೊದಲ ವರ್ಷ. ಆಮೇಲೆ ‘ಆರ್ಫನ್ ಬ್ಲ್ಯಾಕ್’ಗೆ ಟಟಿಯಾನಾ ಮಸ್ಲಾನಿ, 2019ರಲ್ಲಿ ‘ಫ್ಲೀಬ್ಯಾಗ್’. ಇವೆಲ್ಲ ಹೊಸ ಪದ್ಧತಿಯಲ್ಲೇ ಗೆದ್ದದ್ದು ಅಲ್ವಾ?

ಹಳೇಟಿವಿ:

ಹ್ಯಾಮ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಯೋಚನೆ ಮಾಡುತ್ತೇನೆ.

ಬೆಣ್ಣೆದೋಸೆ:

ನನಗೆ ಹೊಟ್ಟೆ ಉರಿಯುವ ವಿಷಯ ಬೇರೆ ಇದೆ. ‘ದ ಬೇರ್’ ಕಾಮಿಡಿ ಹೇಗಾಗುತ್ತದೆ? ಅಣ್ಣ ಆತ್ಮಹತ್ಯೆ ಮಾಡಿಕೊಂಡಿದ್ದಾನೆ, ತಮ್ಮ ಸಾಲದಲ್ಲಿ ಮುಳುಗಿದ ಹೋಟೆಲ್ ನಡೆಸುತ್ತಾನೆ, ಅಡುಗೆಮನೆಯಲ್ಲಿ ಎಲ್ಲರೂ ಕಿರುಚುತ್ತಾರೆ. ನಮ್ಮ ದೊಡ್ಡಪ್ಪ ಹೋಟೆಲ್ ನಡೆಸಿದವರು. ಅದನ್ನು ನೋಡಿ ಅವರು ಒಂದು ಸಲವೂ ನಗಲಿಲ್ಲ. ಮಧ್ಯದಲ್ಲೇ ಎದ್ದು ಹೋದರು, ಅಷ್ಟು ನಿಜ ಅನ್ನಿಸಿತಂತೆ.

ಅದು ಕಾಮಿಡಿಯಲ್ಲಿ ನಿಂತು ಗೆದ್ದರೆ ನಿಜವಾಗಿ ನಗಿಸಿದವರ ಪಾಲು ಹೋಯಿತು. ನಗಿಸುವುದು ಸುಲಭದ ಕೆಲಸ ಅಂತ ಯಾರಾದರೂ ಅಂದುಕೊಂಡಿದ್ದರೆ ಒಂದು ಪುಟ ಬರೆದು ನೋಡಲಿ.

ಸಂಜೆಮಳೆ:

ಇದಕ್ಕೆ ಒಂದು ಹಿನ್ನೆಲೆ ಇದೆ. 2015ರಲ್ಲಿ ಅಕಾಡೆಮಿ ಅರ್ಧ ಗಂಟೆಯ ಗೆರೆ ಎಳೆದಿತ್ತು. ಅರ್ಧ ಗಂಟೆಯದ್ದು ಕಾಮಿಡಿ, ಅದಕ್ಕಿಂತ ಉದ್ದದ್ದು ಡ್ರಾಮಾ. ಆಗ ‘ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್’ ಕಾಮಿಡಿಯಿಂದ ಡ್ರಾಮಾಗೆ ಹೋಗಬೇಕಾಯಿತು. ಅದರ ಉಜೋ ಅಡೂಬಾ 2014ರಲ್ಲಿ ಕಾಮಿಡಿಯಲ್ಲಿ ಗೆದ್ದರು, 2015ರಲ್ಲಿ ಡ್ರಾಮಾದಲ್ಲಿ ಗೆದ್ದರು. ಪಾತ್ರ ಒಂದೇ! ಅವರಿಗಿಂತ ಮೊದಲು ಹೀಗೆ ಗೆದ್ದಿದ್ದವರು ಎಡ್ ಆಸ್ನರ್, ಲೂ ಗ್ರಾಂಟ್ ಪಾತ್ರಕ್ಕೆ. ಈಗ ಆ ಗಡಿಯಾರದ ಗೆರೆ ಇಲ್ಲ. ಯಾವ ಕಡೆ ನಿಲ್ಲಬೇಕು ಅನ್ನುವುದನ್ನು ತಯಾರಕರೇ ಹೇಳುತ್ತಾರೆ.

ಹಾಗಂತ ವೋಟುದಾರರಿಗೆ ಇದು ಗೊತ್ತಾಗುವುದೇ ಇಲ್ಲ ಅಂತ ಅಲ್ಲ. 2024ರ ಸೆಪ್ಟೆಂಬರ್ ನೆನಪಿದೆಯಾ? ‘ಬೇರ್’ಗೆ 23 ನಾಮಿನೇಷನ್. ನಟರ ಬಹುಮಾನಗಳನ್ನೂ ಬಾಚಿತ್ತು. ಕೊನೆಯಲ್ಲಿ ಕಾಮಿಡಿ ಸರಣಿ ಅಂತ ಕೂಗಿದ್ದು ‘ಹ್ಯಾಕ್ಸ್’ ಹೆಸರನ್ನು.

ಕರಾವಳಿ:

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಆಗ ನಾಮಿನೇಟ್ ಆಗಿದ್ದದ್ದು ‘ಬೇರ್’ನ ಎರಡನೇ ಸೀಸನ್. ಅದು ಬಂದದ್ದು 2023ರ ಜೂನ್‌ನಲ್ಲಿ. ವೋಟು ನಡೆದದ್ದು 2024ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಮೂರನೇ ಸೀಸನ್ ಬಂದು, ಎಷ್ಟೋ ಜನಕ್ಕೆ ಹಿಡಿಸಿರಲಿಲ್ಲ. ಎಮ್ಮಿಗೆ ಸರಣಿಗಳನ್ನು ಲೆಕ್ಕಕ್ಕೆ ತಗೊಳ್ಳುವ ಎಣಿಕೆಯ ಕಾಲ ಜೂನ್ 1ರಿಂದ ಮುಂದಿನ ಮೇ 31ರವರೆಗೆ. ವೋಟು ಹಾಕುವಾಗ ತಲೆಯಲ್ಲಿ ಇರುವುದು ಮಾತ್ರ ಮೊನ್ನೆ ನೋಡಿದ್ದು. ‘ಹ್ಯಾಕ್ಸ್’ ಆ ಮೇ ತಿಂಗಳಲ್ಲಿ ಇನ್ನೂ ಬರುತ್ತಿತ್ತು.

ಊಹೆ ಮಾಡುವ ಹುಡುಗರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಸರಣಿ ಹೇಗಿದೆ ಅಂತ ಕೇಳುವ ಮೊದಲು ಅದು ಯಾವ ತಿಂಗಳು ಬಂತು ಅಂತ ಕೇಳಿ.

ರಾತ್ರಿಪಾಳಿ:

ಒಂದು ಸಣ್ಣ ಪ್ರಶ್ನೆ. ನಮ್ಮ ‘ದೆಹಲಿ ಕ್ರೈಮ್’ಗೆ ಬಂದದ್ದೂ ಇದೇ ಎಮ್ಮಿಯಾ? ನಮ್ಮ ವಾರ್ಡಿನಲ್ಲಿ ಇದರ ಮೇಲೆ ವಾದ ಆಗಿತ್ತು.

ಸಂಜೆಮಳೆ:

ಅದು ಇಂಟರ್‌ನ್ಯಾಷನಲ್ ಎಮ್ಮಿ ಅಕ್ಕ. ಬೇರೆ ಅಕಾಡೆಮಿ, ಬೇರೆ ಸಮಾರಂಭ, ನಡೆಯುವುದು ನ್ಯೂಯಾರ್ಕ್‌ನಲ್ಲಿ ನವೆಂಬರ್ ಹೊತ್ತಿಗೆ. 2020ರಲ್ಲಿ ‘ದೆಹಲಿ ಕ್ರೈಮ್’ ಅಲ್ಲಿ ಡ್ರಾಮಾ ಸರಣಿ ಬಹುಮಾನ ಗೆದ್ದಿತು, ಭಾರತಕ್ಕೆ ಅದು ಮೊದಲು. 2023ರಲ್ಲಿ ವೀರ್ ದಾಸ್ ಕಾಮಿಡಿಗೆ ಗೆದ್ದರು, ಬ್ರಿಟನ್ನಿನ ‘ಡೆರಿ ಗರ್ಲ್ಸ್’ ಜೊತೆ ಹಂಚಿಕೊಂಡು.

ಕರಾವಳಿ:

ನಮ್ಮ ಕನ್ನಡ ಧಾರಾವಾಹಿಗಳಿಗೂ ಇಂಥ ಒಂದು ಬಹುಮಾನ ಬೇಕು ಅಂತ ನನಗೆ ತುಂಬಾ ಆಸೆ. ಚಾನೆಲ್‌ಗಳ ಬಹುಮಾನ ಸಮಾರಂಭಗಳಾದ ‘ಅನುಬಂಧ’ವನ್ನಾಗಲಿ ‘ಕುಟುಂಬ’ವನ್ನಾಗಲಿ ನಾನು ತಪ್ಪಿಸುವುದಿಲ್ಲ. ಆದರೆ ಅಲ್ಲಿ ಒಂದೊಂದು ಚಾನೆಲ್ ತನ್ನ ಮನೆಯ ಮಕ್ಕಳಿಗೆ ತಾನೇ ಬಹುಮಾನ ಕೊಡುತ್ತದೆ. ಒಂದು ಚಾನೆಲ್‌ನ ಅತ್ತೆ ಪಾತ್ರ, ಇನ್ನೊಂದು ಚಾನೆಲ್‌ನ ಅತ್ತೆ ಪಾತ್ರ, ಎರಡನ್ನೂ ಒಂದೇ ವಿಭಾಗದಲ್ಲಿ ನಿಲ್ಲಿಸಿ ಕಲಾವಿದರೇ ವೋಟು ಹಾಕಿದರೆ ಹೇಗಿರುತ್ತದೆ ಯೋಚಿಸಿ. ವಾರಕ್ಕೆ ಐದಾರು ದಿನ ಕಂತು ಕೊಡುವ ಸಂಭಾಷಣೆಕಾರರ ಹೆಸರು ಆಗ ಜನಕ್ಕೆ ಗೊತ್ತಾಗುತ್ತದೆ.

ಲೆಕ್ಕದಪುಸ್ತಕ:

ಕರಾವಳಿಯವರೇ, ಹಾಗೇನಾದರೂ ಬಂದರೆ ಮೊದಲ ಪಟ್ಟಿ ನನ್ನದು.

ಇಷ್ಟನ್ನೂ ಓದಿಕೊಂಡು ನಾನು ಮತ್ತೆ ನೋಟ್‌ಬುಕ್ ತೆಗೆದೆ. ಮುಖ್ಯ ಸಮಾರಂಭಕ್ಕೆ ಒಂದು ವಾರ ಮೊದಲು ತಾಂತ್ರಿಕ ವಿಭಾಗಗಳಿಗೂ ಅತಿಥಿ ನಟರಿಗೂ ಕೊಡುವ ಕ್ರಿಯೇಟಿವ್ ಆರ್ಟ್ಸ್ ಎಮ್ಮಿ ನಡೆಯುತ್ತದಲ್ಲ, ಈ ಸಲ ಸೆಪ್ಟೆಂಬರ್ 6 ಮತ್ತು 7. ಅಲ್ಲಿ ‘ಸೆವರೆನ್ಸ್’ಗೆ ಆರು ಬಂದಿತ್ತು. ಅದನ್ನು ನೋಡಿಯೇ ನಾನು ಇನ್ನಷ್ಟು ಗಟ್ಟಿಯಾದದ್ದು. ಈಗ ಆ ಆರನ್ನು ಬಿಡಿಸಿ ನೋಡಿದೆ. ಕ್ಯಾಮೆರಾ, ಸೆಟ್, ಸಂಗೀತ, ಸೌಂಡ್, ಟೈಟಲ್, ಜೊತೆಗೆ ಅತಿಥಿ ನಟಿ. ಕ್ಯಾಸ್ಟಿಂಗ್, ಅಂದರೆ ಪಾತ್ರಗಳಿಗೆ ನಟರನ್ನು ಆರಿಸಿದವರ ಬಹುಮಾನ, ಇಲ್ಲ. ಅದು ಹೋದದ್ದು ‘ಪಿಟ್’ಗೆ.

ಉಳಿದ ವಿಭಾಗಗಳ ಕ್ಯಾಸ್ಟಿಂಗ್ ನೋಡಿದೆ. ಕಾಮಿಡಿಯಲ್ಲಿ ‘ಸ್ಟುಡಿಯೋ’, ಲಿಮಿಟೆಡ್‌ನಲ್ಲಿ ‘ಅಡೊಲೆಸೆನ್ಸ್’. ಮೂರಕ್ಕೆ ಮೂರೂ ಮುಂದಿನ ವಾರ ಸರಣಿ ಬಹುಮಾನ ಗೆದ್ದವು! 2024ಕ್ಕೆ ಹೋದೆ. ಡ್ರಾಮಾ ‘ಶೋಗನ್’, ಲಿಮಿಟೆಡ್ ‘ಬೇಬಿ ರೇನ್‌ಡಿಯರ್’. ಎರಡೂ ಗೆದ್ದವು. ಕಾಮಿಡಿಯ ‘ಬೇರ್’ ಒಂದೇ ಸೋತದ್ದು. ಆರಕ್ಕೆ ಐದು.

ಇದು ಯಾಕೆ ಹೀಗೆ ಅಂತ ನನಗೆ ಅನ್ನಿಸುವುದು ಹೇಳುತ್ತೇನೆ. ಎಮ್ಮಿಯಲ್ಲಿ ಇಡೀ ತಾರಾಬಳಗಕ್ಕೆ ಸೇರಿಸಿ ಕೊಡುವ ಬಹುಮಾನ ಇಲ್ಲ. ಕ್ಯಾಸ್ಟಿಂಗ್ ಒಂದೇ ಆ ಜಾಗದಲ್ಲಿ ನಿಂತಿದೆ. ಜನಕ್ಕೆ ಒಂದು ಸರಣಿ ಇಷ್ಟವಾಯಿತು ಅಂದರೆ ಅದರೊಳಗಿನ ಜನ ಇಷ್ಟವಾದರು ಅಂತಲೇ ಅರ್ಥ. ರಾತ್ರಿಪಾಳಿ ಅಕ್ಕ ಡೇನಾ ಬಗ್ಗೆ ಬರೆದದ್ದು ಅದನ್ನೇ. ‘ಅಡೊಲೆಸೆನ್ಸ್’ಗೆ ಓವನ್ ಕೂಪರ್‌ನನ್ನು ಹುಡುಕಿ ತಂದವರಿಗೆ ಸಲ್ಲಬೇಕಾದದ್ದೇ ಆ ಬಹುಮಾನ. ಆ ಹುಡುಗನಿಗೆ ಅದು ಮೊದಲ ಪಾತ್ರ. 15ನೇ ವಯಸ್ಸಿಗೇ ಎಮ್ಮಿ ಗೆದ್ದ. ನಾಲ್ಕೂ ಕಂತು ಒಂದೊಂದೇ ಟೇಕ್‌ನಲ್ಲಿ ತೆಗೆದದ್ದು, ತಪ್ಪಿದರೆ ಮೊದಲಿಂದ ಶುರು. ಅಂಥದ್ದಕ್ಕೆ ಅನುಭವವಿಲ್ಲದ ಹುಡುಗನನ್ನು ನಂಬಿ ನಿಲ್ಲಿಸಲು ಎಷ್ಟು ಧೈರ್ಯ ಬೇಕು!

ಮುಂದಿನ ಸಲ ಡ್ರಾಮಾ ಸರಣಿಯ ಎದುರಿಗೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಕ್ಯಾಸ್ಟಿಂಗ್ ಗೊತ್ತಾದ ಮೇಲೆ ಪೆನ್ನು.

ಹಳೇಟಿವಿ:

ಎರಡು ವರ್ಷದ ಲೆಕ್ಕ ಸಾಲದು ತಾಯಿ. ಹತ್ತು ವರ್ಷದ್ದು ತೆಗೆದು ನೋಡಿ. ನಾನೂ ಹಿಂದಿನಿಂದ ಶುರು ಮಾಡಿ ಬರುತ್ತೇನೆ, ಮಧ್ಯದಲ್ಲಿ ಸಿಗೋಣ.

ಬೆಣ್ಣೆದೋಸೆ:

ಹಾಗಾದರೆ 2026ಕ್ಕೆ ಒಂದಾದರೂ ಹೆಸರು ಪೆನ್ನಿನಲ್ಲಿ ಬರೆಯುವ ಧೈರ್ಯ ಯಾರಿಗಿದೆ?

ಲೆಕ್ಕದಪುಸ್ತಕ:

ನನಗಿದೆ. ರಿಯಾ ಸೀಹಾರ್ನ್, ‘ಪ್ಲೂರಿಬಸ್’, ಡ್ರಾಮಾ ಮುಖ್ಯ ನಟಿ. 2025ರ ನವೆಂಬರ್‌ನಲ್ಲಿ ಶುರುವಾಯಿತು, ಎಣಿಕೆಯ ಕಾಲದೊಳಗೇ ಬರುತ್ತದೆ. ‘ಬೆಟರ್ ಕಾಲ್ ಸಾಲ್’ನ ಕಿಮ್ ಪಾತ್ರಕ್ಕೆ ಎರಡು ಸಲ ನಾಮಿನೇಟ್ ಆಗಿ ಎರಡು ಸಲವೂ ಬರಿಗೈಯಲ್ಲಿ ಹೋದವರು. ಹಳೇಟಿವಿ ಸರ್ ಹೇಳಿದ ಆ 53ರಲ್ಲಿ ಎರಡು ಅವರದ್ದೇ. ಈ ಸಲ ಬಹುತೇಕ ಎಲ್ಲ ದೃಶ್ಯದಲ್ಲೂ ಅವರೇ ಇದ್ದಾರೆ.

ಹಳೇಟಿವಿ:

ನನ್ನ ವೋಟೂ ಅವರಿಗೇ.

ರಾತ್ರಿಪಾಳಿ:

‘ಪಿಟ್’ನ ಎರಡನೇ ಸೀಸನ್ 2026ರ ಜನವರಿಯದ್ದು. ಡ್ರಾಮಾ ಸರಣಿಯ ಎದುರಿಗೆ ನಾನು ಅದನ್ನೇ ಬರೆದಿದ್ದೇನೆ, ಪೆನ್ನಿನಲ್ಲಿ. ಈಗ ಡ್ಯೂಟಿಗೆ ಹೊರಟೆ, ಬೆಳಗ್ಗೆ ಬಂದು ಉಳಿದದ್ದು ಓದುತ್ತೇನೆ.